ರಫ್ತು ಸಕ್ಕರೆಯ ದರ ಯಾರು ಕಟ್ಟುತ್ತಾರೆ?

(ಕಾರಖಾನೆಯ ಕಾರ್ಯಸ್ಥಳದಲ್ಲಿ ಜರುಗಿದ ಕಬ್ಬು ಬೆಳೆಗಾರರ ಮೇಳಾವೆಯಲ್ಲಿ ಮಾರಾಟ ವಿಭಾಗದ ಪರವಾಗಿ ಮಾಡಿದ ಭಾಷಣ)



ರಫ್ತಿನ ಮಾತು ಬಂದಾಗಲೆಲ್ಲ ಸಭಾಸದರಿಂದ ಎರಡು ಪ್ರಶ್ನೆಗಳು ಬರುತ್ತವೆ. 2018-19ರ ಹಂಗಾಮಿನಲ್ಲಿ ನಮ್ಮ ದೇಶದ ಕಾರಖಾನೆಗಳು ಪರದೇಶದವರಿಗೆ ಅಷ್ಟು ಅಗ್ಗವಾಗಿ ಸಕ್ಕರೆ ಕೊಟ್ಟದ್ದೇಕೆ ಎಂಬುದು ಒಂದು. 2023ರ ನವೆಂಬರಿನಲ್ಲಿ ಜಗತ್ತಿನ ದರ ಗಗನಕ್ಕೇರಿದಾಗ ಅದರ ಲಾಭ ನಮ್ಮ ಬಿಲ್ಲಿನಲ್ಲಿ ಏಕೆ ಕಾಣಲಿಲ್ಲ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರಿಸುವ ಮೊದಲು ದರ ಎಲ್ಲಿ ಹುಟ್ಟುತ್ತದೆಂಬುದನ್ನು ನೋಡಬೇಕಾಗುತ್ತದೆ.

ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ಒಯ್ಯುವವರಿಗೆ ಇದು ಹೊಸ ಸಂಗತಿಯಲ್ಲ. ದರ ಕಟ್ಟುವವರು ನೀವಲ್ಲ, ಲಿಲಾವು ಕಟ್ಟುತ್ತದೆ. ನಿಮ್ಮ ಕೈಯಲ್ಲಿರುವುದು ಯಾವ ದಿನ ಒಯ್ಯಬೇಕು, ಹೇಗೆ ಆರಿಸಿ ಚೀಲ ತುಂಬಬೇಕು, ಯಾವ ಅಡತ್ಯಾನ ಅಂಗಡಿಗೆ ಹಾಕಬೇಕು ಎಂಬಿಷ್ಟೇ. ಬಾಡಿಗೆ, ಹಮಾಲಿ, ತೋಲಾಯಿ ಕಳೆದು ಉಳಿದದ್ದು ನಿಮ್ಮದು. ಯಂತ್ರ ಇಲ್ಲವೆ ಔಷಧಿ ಮಾಡುವ ಕಂಪನಿಯು ಖರ್ಚಿನ ಮೇಲೆ ತನ್ನ ಲಾಭ ಕೂಡಿಸಿ ದರ ಹೇಳಬಹುದು, ಗಿರಾಕಿ ನೋಡಿ ಹೆಚ್ಚು ಕಡಿಮೆ ಮಾಡಬಹುದು. ಸಕ್ಕರೆ, ಕಾಫಿ, ಹತ್ತಿಯಂಥ ಮಾಲು ಮಾರುವ ನಮ್ಮಂಥ ದೇಶಗಳಿಗೆ ಆ ಸೌಕರ್ಯವಿಲ್ಲ. ಒಬ್ಬರ ಸಕ್ಕರೆಗೂ ಇನ್ನೊಬ್ಬರ ಸಕ್ಕರೆಗೂ ಕೊಳ್ಳುವವನಿಗೆ ದೊಡ್ಡ ಭೇದ ಕಾಣುವುದಿಲ್ಲ.

ಸಕ್ಕರೆಯ ಲಿಲಾವು ನಡೆಯುವುದು ಎರಡು ಕಡೆ. ಕಚ್ಚಾ ಸಕ್ಕರೆಗೆ ನ್ಯೂಯಾರ್ಕಿನ 11ನೇ ನಂಬರಿನ ವಾಯದಾ ಕರಾರು. ಇಲ್ಲಿ ದರ ಪೌಂಡಿಗೆ ಇಷ್ಟು ಸೆಂಟು ಎಂದು. ಬಿಳಿ ಸಕ್ಕರೆಗೆ ಲಂಡನ್ನಿನ 5ನೇ ನಂಬರಿನ ಕರಾರು. ಅಲ್ಲಿ ಟನ್ನಿಗೆ ಇಷ್ಟು ಡಾಲರು ಎಂದು. ಎರಡೂ ಬಂದರಿನಲ್ಲಿ ಹಡಗಿಗೇರಿಸಿಕೊಟ್ಟ ದರಗಳು. ಮಾರುವವನು ಈ ದರವನ್ನು ಆಧಾರವಾಗಿಟ್ಟುಕೊಂಡು, ಮಾಲಿನ ಬಣ್ಣ, ಗುಣ, ಬಂದರಿನ ದೂರ, ಆ ತಿಂಗಳಲ್ಲಿ ಸಿಗುವ ಮಾಲು ಇವನ್ನು ನೋಡಿ ತುಸು ಮೇಲೆ ಅಥವಾ ತುಸು ಕೆಳಗೆ ಕೇಳುತ್ತಾನೆ. ಚೌಕಾಶಿಯೆಲ್ಲ ಆ ‘ತುಸು’ವಿನಲ್ಲಿಯೇ.

ಈಗ 2018-19ರ ಲೆಕ್ಕ ಹಾಕೋಣ. ಆ ಹಂಗಾಮಿನಲ್ಲಿ ಕಚ್ಚಾ ಸಕ್ಕರೆ 12-13 ಸೆಂಟಿನ ಸುತ್ತ ಆಡುತ್ತಿತ್ತು. ಹನ್ನೆರಡೂವರೆ ಎಂದು ಹಿಡಿಯಿರಿ. ಒಂದು ಮೆಟ್ರಿಕ್ ಟನ್ನಿಗೆ ಸುಮಾರು 2,204 ಪೌಂಡು. ಅಂದರೆ ಟನ್ನಿಗೆ 275 ಡಾಲರು. ಡಾಲರಿಗೆ 70 ರೂಪಾಯಿಯಂತೆ 19,250 ರೂಪಾಯಿ, ಕ್ವಿಂಟಲಿಗೆ 1,925. ಲಾರಿ ಬಾಡಿಗೆ, ಬಂದರಿನ ಹಮಾಲಿ, ರಫ್ತುದಾರನ ಅಂಚು ಎಲ್ಲ ಸೇರಿ 125 ಎಂದುಕೊಂಡರೆ ಕಾರಖಾನೆಯ ಬಾಗಿಲಿಗೆ ಬರುವುದು 1,800. ಇತ್ತ ಆ ವರ್ಷದ ಎಫ್.ಆರ್.ಪಿ. ಶೇಕಡಾ 10 ಇಳುವರಿಗೆ ಕ್ವಿಂಟಲ್ ಕಬ್ಬಿಗೆ 275 ರೂಪಾಯಿ. ಒಂದು ಕ್ವಿಂಟಲ್ ಸಕ್ಕರೆಗೆ ಹತ್ತು ಕ್ವಿಂಟಲ್ ಕಬ್ಬು, ಅಂದರೆ 2,750 ರೂಪಾಯಿ ಬರೀ ಕಬ್ಬಿನದೇ. ಕಾಕಂಬಿ, ಬಗ್ಯಾಸಿನ ಉತ್ಪನ್ನ ಬೇರೆ, ನಿಜ. ಆದರೆ ಅದು ಈ ಕಂದರವನ್ನು ತುಂಬುವಷ್ಟಿರಲಿಲ್ಲ.

ಹಾಗಾದರೆ ಮಾರಿದ್ದು ಹುಚ್ಚುತನವೇ? ಒಂದು ಉದಾಹರಣೆ ಕೊಡುತ್ತೇನೆ. ಹತ್ತು ಲಕ್ಷ ಕ್ವಿಂಟಲ್ ಮಾಡುವ ಕಾರಖಾನೆಯೊಂದಿದೆ. ಎಂಟು ಲಕ್ಷ ದೇಶದೊಳಗೆ 2,900ರಂತೆ ಮಾರಿ ಎರಡು ಲಕ್ಷ 1,800ರಂತೆ ಹೊರಗೆ ಕಳಿಸಿದರೆ 232 ಮತ್ತು 36, ಒಟ್ಟು 268 ಕೋಟಿ. ಎಲ್ಲರೂ ಹೆಚ್ಚಿನ ಮಾಲನ್ನು ಒಳಗೇ ಸುರಿದು ದರ 2,600ಕ್ಕೆ ಇಳಿಯಿತೆನ್ನಿ. ಹತ್ತು ಲಕ್ಷಕ್ಕೂ ಬರುವುದು 260 ಕೋಟಿ. ನಷ್ಟದ ರಫ್ತೇ ಎಂಟು ಕೋಟಿ ಹೆಚ್ಚು ತಂದಂತಾಯಿತು. ಇದು ಬರೀ ಕಾಗದದ ಭಯವಲ್ಲ. 2018ರ ಬೇಸಿಗೆಯಲ್ಲಿ ದೇಶದೊಳಗಿನ ದರ ಹಾಗೆಯೇ ಕುಸಿದಿತ್ತು. ಅದಕ್ಕಾಗಿಯೇ ಕೇಂದ್ರ ಸರಕಾರ ಆ ಜೂನಿನಲ್ಲಿ ಕಿಲೋಕ್ಕೆ 29 ರೂಪಾಯಿಯ ಕನಿಷ್ಠ ಮಾರಾಟ ದರ ಗೊತ್ತುಪಡಿಸಿ, 2019ರ ಫೆಬ್ರವರಿಯಲ್ಲಿ ಅದನ್ನು 31ಕ್ಕೆ ಏರಿಸಿತು. ತಿಂಗಳಿಗಿಷ್ಟೇ ಮಾರಬೇಕೆಂಬ ಕೋಟಾವನ್ನೂ ಮರಳಿ ತಂದಿತು.

ಆದರೆ ಇಲ್ಲೊಂದು ಗಂಟಿದೆ. ನೆರೆಯ ಕಾರಖಾನೆ ರಫ್ತು ಮಾಡದೆ ಸುಮ್ಮನೆ ಕುಳಿತು, ಉಳಿದವರು ಹೊರಗೆ ಕಳಿಸಿದ್ದರಿಂದ ನಿಂತ ದರದಲ್ಲಿ ಹತ್ತು ಲಕ್ಷವನ್ನೂ 2,900ರಂತೆ ಮಾರಿದರೆ ಅದಕ್ಕೆ 290 ಕೋಟಿ! ಊರ ಹಳ್ಳದ ಹೂಳು ತೆಗೆಯಲು ಬಾರದವನ ಹೊಲಕ್ಕೂ ನೀರು ಹರಿದಂತೆ. ಆದುದರಿಂದಲೇ ಸರಕಾರ ಪ್ರತಿ ಕಾರಖಾನೆಗೂ ರಫ್ತಿನ ಪಾಲು ಹಂಚಬೇಕಾಯಿತು. ಆದರೂ 2018-19ರಲ್ಲಿ 50 ಲಕ್ಷ ಟನ್ನಿನ ಗುರಿಯಲ್ಲಿ ಹೊರಗೆ ಹೋದದ್ದು ಸುಮಾರು 38 ಲಕ್ಷ ಟನ್ನು.

ಹೋಗದಿರಲು ಇನ್ನೊಂದು ಕಾರಣ ಬ್ಯಾಂಕು. ಇದನ್ನು ಸಭಾಸದರು ವಿಶೇಷವಾಗಿ ಗಮನಿಸಬೇಕು. ಗೋದಾಮಿನಲ್ಲಿರುವ ಸಕ್ಕರೆ ಕಾರಖಾನೆಯ ಸಕ್ಕರೆ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಬೀಗ ಬ್ಯಾಂಕಿನದು. ಅದರ ಮೇಲೆ ಸಾಲ ತೆಗೆದೇ ನಿಮಗೆ ಬಿಲ್ಲು ಕೊಡುವುದು. 2,900ರ ದರಕ್ಕೆ ಶೇಕಡಾ 85ರಂತೆ ಸಾಲ ಕೊಟ್ಟಿದ್ದರೆ ಕ್ವಿಂಟಲಿನ ಮೇಲೆ 2,465 ರೂಪಾಯಿ ಇದೆ. 1,800ಕ್ಕೆ ಮಾರುತ್ತೇವೆಂದರೆ ಬಾಕಿ 665 ರೂಪಾಯಿ ತಂದು ತುಂಬದೆ ಬ್ಯಾಂಕು ಚೀಲ ಬಿಡುವುದಿಲ್ಲ. ಆ ವರ್ಷ ಮಹಾರಾಷ್ಟ್ರದ ಅನೇಕ ಸಹಕಾರಿ ಕಾರಖಾನೆಗಳ ರಫ್ತು ತಡವಾದದ್ದು ಈ ಗೋಜಲಿನಿಂದಲೇ. ಕಬ್ಬಿನ ಬಿಲ್ಲು 14 ದಿನಗಳಲ್ಲಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಮಾಲು ಬಿಡದೆ ಹಣವಿಲ್ಲ, ಹಣ ತುಂಬದೆ ಮಾಲಿಲ್ಲ.

ಸರಕಾರದ ನೆರವು ಈ ಕಂದರಕ್ಕೆ ಹಾಕಿದ ಮಣ್ಣು. 2018-19ರಲ್ಲಿ ಕ್ವಿಂಟಲ್ ಕಬ್ಬಿಗೆ 13 ರೂಪಾಯಿ 88 ಪೈಸೆ ಮತ್ತು ಸಾಗಾಣಿಕೆಯ ನೆರವು. 2019-20ರಲ್ಲಿ ಟನ್ ಸಕ್ಕರೆಗೆ 10,448 ರೂಪಾಯಿ. 2020-21ರಲ್ಲಿ 6,000, ನಂತರ ಅದನ್ನೂ 4,000ಕ್ಕೆ ಇಳಿಸಿದರು. 2020ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ದರ 10 ಸೆಂಟಿಗೂ ಕೆಳಗಿಳಿದಿತ್ತೆಂಬುದನ್ನು ನೆನೆದರೆ ಈ ನೆರವಿಲ್ಲದೆ ಏನಾಗುತ್ತಿತ್ತೆಂದು ಊಹಿಸಬಹುದು. ಆದರೆ ನಮ್ಮ ನೆರವಿನಿಂದ ಜಗತ್ತಿನ ದರ ಬಿತ್ತೆಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು 2019ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಒಯ್ದವು. 2021ರ ಡಿಸೆಂಬರಿನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು; ಭಾರತ ಮೇಲ್ಮನವಿ ಸಲ್ಲಿಸಿತು. ಅವರ ಕಬ್ಬು ಬೆಳೆಗಾರನೂ ನಮ್ಮಂತೆಯೇ ದರಕ್ಕೆ ಬಾಯಿ ತೆರೆದು ಕುಳಿತವನೆಂಬುದನ್ನು ಮರೆಯಬಾರದು.

ಬ್ರೆಜಿಲಿನ ಮಾತು ಬಂದುದರಿಂದ ಹೇಳುತ್ತೇನೆ. ಅಲ್ಲಿಯ ಕಾರಖಾನೆ ಅದೇ ಕಬ್ಬಿನ ರಸದಿಂದ ಸಕ್ಕರೆಯನ್ನಾದರೂ ಮಾಡುತ್ತದೆ, ಇಥೆನಾಲನ್ನಾದರೂ ಮಾಡುತ್ತದೆ. ಯಾವುದು ಹೆಚ್ಚು ತರುತ್ತದೋ ಅತ್ತ ಹೊರಳುತ್ತದೆ. ಅವರ ನಾಣ್ಯ ರಿಯಾಲ್ ಡಾಲರಿನೆದುರು ಇಳಿದಾಗ, ಸೆಂಟು ಕಡಿಮೆಯಾದರೂ ಅವರ ಕೈಗೆ ಬರುವ ರಿಯಾಲ್ ಕಡಿಮೆಯಾಗುವುದಿಲ್ಲ. ಹೆಚ್ಚು ಮಾರುತ್ತಾರೆ, ದರ ಮತ್ತೂ ಇಳಿಯುತ್ತದೆ. ನಮ್ಮ ರೂಪಾಯಿ ಇಳಿದರೆ ರಫ್ತಿಗೆ ಲಾಭವೆಂದು ಪತ್ರಿಕೆಗಳು ಬರೆಯುವುದುಂಟು. ರಿಯಾಲ್ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಲಾಭ ಕಾಣಸಿಗದು. ನಮಗಿರುವ ಅನುಕೂಲವೆಂದರೆ ಕಾಲ. ಬ್ರೆಜಿಲಿನ ಮುಖ್ಯ ಪ್ರದೇಶದ ಹಂಗಾಮು ಏಪ್ರಿಲಿನಿಂದ ನವೆಂಬರ್. ನಮ್ಮದು ಅದು ಮುಗಿಯುವ ಹೊತ್ತಿಗೆ ಆರಂಭ. ಡಿಸೆಂಬರಿನಿಂದ ಮಾರ್ಚಿನೊಳಗೆ ಮಾಲು ಹಡಗು ಹತ್ತಿದರೆ ಕೇಳುವವರಿದ್ದಾರೆ. ಪರವಾನಗಿ ಮಾರ್ಚಿಗೆ ಬಂದರೆ ಏನು ಪ್ರಯೋಜನ?

2021-22ರಲ್ಲಿ ಯಾವ ನೆರವೂ ಇಲ್ಲದೆ ಸುಮಾರು 110 ಲಕ್ಷ ಟನ್ ರಫ್ತಾಯಿತು. ಜಗತ್ತಿನ ದರವೇ ನಮ್ಮ ದರಕ್ಕೆ ಸಮನಾಗಿ ನಿಂತಿತ್ತು. 2022ರ ಜೂನಿನಿಂದ ಸರಕಾರ ಕಡಿವಾಣ ಹಾಕಿತು. 2022-23ರಲ್ಲಿ ಕಾರಖಾನೆವಾರು ಕೋಟಾ. ಬಂದರಿಗೆ ದೂರವಿದ್ದ ಉತ್ತರ ಪ್ರದೇಶದ ಕಾರಖಾನೆಗಳು ತಮ್ಮ ರಫ್ತಿನ ಕೋಟಾವನ್ನು ಮಹಾರಾಷ್ಟ್ರದವರಿಗೆ ಕೊಟ್ಟು, ಬದಲಿಗೆ ಒಳಮಾರಾಟದ ಕೋಟಾವನ್ನೂ ಮೇಲಿಷ್ಟು ಹಣವನ್ನೂ ಪಡೆದವು. ಪರವಾನಗಿಗೇ ಒಂದು ದರ ಹುಟ್ಟಿತು! ಅದೇ ಹಂಗಾಮಿನ ಮೊದಲಿಗೆ ದರ ಏರುತ್ತಿದ್ದಂತೆ ಕೆಲವು ಕಾರಖಾನೆಗಳು ಕಡಿಮೆ ದರದ ಹಳೆಯ ಕರಾರುಗಳಿಂದ ಹಿಂದೆ ಸರಿದ ವರದಿಗಳು ಬಂದವು. ಇದು ಬುದ್ಧಿವಂತಿಕೆಯೆಂದು ನನಗನಿಸುವುದಿಲ್ಲ. ಮರುವರ್ಷ ಅದೇ ವ್ಯಾಪಾರಿ ಆ ಅಪನಂಬಿಕೆಯನ್ನು ದರದಲ್ಲಿ ಮುರಿದುಕೊಂಡೇ ಕೇಳುತ್ತಾನೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 2023ರ ನವೆಂಬರಿನಲ್ಲಿ ದರ 28 ಸೆಂಟಿನವರೆಗೆ ಹೋದದ್ದು ನಿಜ; ಹನ್ನೆರಡು ವರ್ಷಗಳಲ್ಲಿ ಕಾಣದ ದರ. ಆದರೆ ಮಳೆ ಕೈಕೊಟ್ಟು ಬೆಳೆ ಕಡಿಮೆಯಾಗುವ ಅಂಜಿಕೆಯಿಂದ 2023-24ರ ಹಂಗಾಮಿಗೆ ರಫ್ತಿನ ಪರವಾನಗಿಯನ್ನೇ ಕೊಡಲಿಲ್ಲ. ಮತ್ತೆ 10 ಲಕ್ಷ ಟನ್ನಿಗೆ ಅನುಮತಿ ಸಿಕ್ಕದ್ದು 2025ರ ಜನವರಿಯಲ್ಲಿ. ಆ ಹೊತ್ತಿಗೆ ದರ 20 ಸೆಂಟಿನ ಆಚೀಚೆ ಬಂದಿತ್ತು. ದರ ಬಿದ್ದಾಗ ಕಳಿಸಿರೆಂಬ ಒತ್ತಾಯ, ಏರಿದಾಗ ಬಾಗಿಲು ಬಂದ್. ಪೇಟೆಯ ಗ್ರಾಹಕನನ್ನೂ ಸರಕಾರ ನೋಡಬೇಕು, ಒಪ್ಪುತ್ತೇನೆ. ಆದರೆ ಆ ಭಾರ ಯಾರ ಹೆಗಲ ಮೇಲೆ ಬಿತ್ತೆಂಬುದನ್ನು ಹೇಳದೆ ಇರಲಾಗದು.

ಥಾಯ್ಲೆಂಡಿನಲ್ಲಿ 1984ರ ಕಾಯಿದೆಯಂತೆ ಸಕ್ಕರೆಯ ಉತ್ಪನ್ನದಲ್ಲಿ ಬೆಳೆಗಾರನಿಗೆ 70, ಕಾರಖಾನೆಗೆ 30 ಎಂಬ ಪಾಲು. ನಮ್ಮಲ್ಲಿಯೂ 2012ರ ರಂಗರಾಜನ್ ಸಮಿತಿ ಅಂಥದೇ ಪಾಲನ್ನು ಸೂಚಿಸಿತು. 2013ರ ಕಾಯಿದೆಯಿಂದ ಮಹಾರಾಷ್ಟ್ರದಲ್ಲಿ ಎಫ್.ಆರ್.ಪಿ.ಯ ಮೇಲಿನ ಲೆಕ್ಕಕ್ಕೆ ಅದೇ ಆಧಾರ. ಹಾಗಿರುವಾಗ ರಫ್ತಿನ ಒಂದೊಂದು ರೂಪಾಯಿಯೂ ನಿಮ್ಮ ಲೆಕ್ಕದೊಳಗಿನದು. ವಾರ್ಷಿಕ ಸಾಧಾರಣ ಸಭೆಯಲ್ಲಿ ಅಹವಾಲು ಕೈಗೆ ಬಂದಾಗ ಎಷ್ಟು ಕ್ವಿಂಟಲ್ ರಫ್ತಾಯಿತು, ಕಾರಖಾನೆಯ ಬಾಗಿಲಿಗೆ ಏನು ದರ ಬಿತ್ತು, ಯಾವ ತಾರೀಖಿಗೆ ಕರಾರಾಯಿತು, ಅಂದು ನ್ಯೂಯಾರ್ಕಿನ ಅಥವಾ ಲಂಡನ್ನಿನ ದರವೇನಿತ್ತು, ಕೋಟಾ ಬದಲಿಸಿದ್ದರೆ ಹಣವೆಷ್ಟು ಬಂತು ಅಥವಾ ಹೋಯಿತು, ಇವನ್ನು ಒಂದೊಂದಾಗಿ ಕೇಳಿರಿ. ಉತ್ತರ ಕೊಡುವುದು ನಮ್ಮ ವಿಭಾಗದ ಕೆಲಸ. ಈಗಲೂ ಕೇಳುವುದಿದ್ದರೆ ಕೇಳಬಹುದು.