ಮುಯ್ಯಾಳಿನ ಮಾತು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಕೊಟ್ಟ ಮಾತು, ಗೆಳೆತನ, ಊರಿನ ನಂಟು, ಇವುಗಳ ಬಗ್ಗೆ ನಾಲ್ಕು ಮಾತನಾಡಿ ಎಂದು ಸಮಿತಿಯವರು ಹೇಳಿದರು. ನಾನು ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು. ನನಗೆ ಗೊತ್ತಿರುವ ಕಥೆಗಳು ಬೈಬಲಿನವು. ಜೊತೆಗೆ ಈ ಶಾಲೆ ಮತ್ತು ಈ ಊರು ಕಲಿಸಿದವೂ ಇವೆ. ಅವನ್ನೇ ಹೇಳುತ್ತೇನೆ. ಧರ್ಮಬೋಧನೆ ಎಂದು ಯಾರೂ ತಿಳಿಯಬಾರದು.

ನನ್ನ ಹಿರಿಯರು ಇದೇ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಡೆಯವರು. ಹದಿನೇಳನೇ ಶತಮಾನದ ನಡುವಿನಲ್ಲಿ ಚಿನ್ನಮಿ ಎಂಬ ಇಟಲಿಯ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಮೈಸೂರು ಸೀಮೆಯಲ್ಲಿ ಕ್ರೈಸ್ತ ಮತ ಬೋಧಿಸಿದರು. ನಮ್ಮ ತಾತ ಮುತ್ತಾತಂದಿರೂ ಈ ಮಣ್ಣಿನಲ್ಲೇ ರಾಗಿ ಬೆಳೆದು, ಕನ್ನಡದಲ್ಲೇ ಪ್ರಾರ್ಥನೆ ಹೇಳಿದವರು. ಆದರೂ ಅಪ್ಪ ಗಾರೆ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಾಗ ಇಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಯಾರೂ ಕೆಟ್ಟದ್ದನ್ನು ಆಡಲಿಲ್ಲ. ಆದರೆ ಮೊದಲ ಎರಡು ವರ್ಷ ನಾವು ಊರಿನಲ್ಲಿ ಇದ್ದೆವೇ ಹೊರತು ಊರಿನವರಾಗಿರಲಿಲ್ಲ.

ಊರಿನವರಾದದ್ದು ಯಾವಾಗ ಎಂದು ನನಗೆ ಚೆನ್ನಾಗಿ ನೆನಪಿದೆ. ಎಂಟನೇ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನ ತಂದೆ ಒಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದು, "ನಾಳೆ ನಮ್ಮ ಹೊಲದ ಕಳೆಗೆ ಮುಯ್ಯಾಳು ಬನ್ನಿ" ಎಂದು ಅಪ್ಪನನ್ನೂ ಅವ್ವನನ್ನೂ ಕರೆದರು. ಈಗಿನ ಮಕ್ಕಳಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಇಂದು ನೀನು ನನ್ನ ಹೊಲಕ್ಕೆ ಬಾ, ಇನ್ನೊಂದು ದಿನ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ ಎನ್ನುವುದೇ ಮುಯ್ಯಾಳು. ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಕೂಲಿ ಕೊಟ್ಟರೆ ಲೆಕ್ಕ ಸಂಜೆಗೇ ಮುಗಿಯುತ್ತದೆ. ಮುಯ್ಯಾಳಿಗೆ ಕರೆದವನು, ನೀನು ನಾಳೆಯೂ ಇಲ್ಲೇ ಇರುವವನು ಎಂದು ನಂಬಿರುತ್ತಾನೆ. ಅಂದು ರಾತ್ರಿ ಅವ್ವ, "ಇನ್ನು ಇದೇ ನಮ್ಮೂರು" ಎಂದಳು.

ಆ ಪಕ್ಕದ ಹುಡುಗ ನನ್ನ ಜೀವದ ಗೆಳೆಯನಾದ. ಅವನ ಹೆಸರು ಹೇಳುವುದಿಲ್ಲ, ಮನೆಯವರು ಇಲ್ಲೇ ಕುಳಿತಿದ್ದಾರೆ. ಹತ್ತನೇ ತರಗತಿಯ ವರ್ಷ ಅಪ್ಪನಿಗೆ ಕೆಲಸವಿರಲಿಲ್ಲ, ಪರೀಕ್ಷಾ ಶುಲ್ಕಕ್ಕೆ ಮನೆಯಲ್ಲಿ ಕಾಸಿಲ್ಲ. ಗೆಳೆಯನ ಮನೆಯಲ್ಲಿ ಆಗತಾನೆ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬಂದಿದ್ದರು. ಆ ದುಡ್ಡಿನಲ್ಲಿ ನನ್ನ ಶುಲ್ಕವನ್ನೂ ಕಟ್ಟಿದರು. ತೀರಿಸುತ್ತೇನೆ ಎಂದೆ. ಗೆಳೆಯ, "ದುಡ್ಡು ಬೇಡ ಕಣೋ, ಮುಂದಿನ ಬೆಳೆ ಹಣ್ಣಾದಾಗ ಬಂದು ಕೈ ಹಾಕು" ಎಂದ. "ಬಂದೇ ಬರ್ತೀನಿ" ಎಂದೆ.

ರೇಷ್ಮೆ ಸಾಕಿದವರಿಗೆ ಆ ಮಾತಿನ ಬೆಲೆ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಒಂದು ವಾರ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗುತ್ತದೆ. ಹಣ್ಣುಹುಳುವನ್ನು ಆರಿಸಿ ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅಂದು ಬೇಕಾದ ಕೈ ಅಂದೇ ಬೇಕು. ನಾಳೆ ಬಂದವನಿಂದ ಪ್ರಯೋಜನವಿಲ್ಲ.

ನಾನು ಪಿಯುಸಿಗೆ ಬೆಂಗಳೂರಿಗೆ ಹೋದೆ. ಗೆಳೆಯ ಹೊಲದಲ್ಲೇ ಉಳಿದ. ಕಾರ್ಡು ಬಂತು, "ನಾಡಿದ್ದು ಹಣ್ಣಾಗುತ್ತೆ, ಬಾ" ಎಂದು. ಆ ವಾರ ಕಾಲೇಜಿನಿಂದ ಮೈಸೂರಿಗೆ ಪ್ರವಾಸವಿತ್ತು. ಮುಂದಿನ ಬೆಳೆಗೆ ಬರುತ್ತೇನೆ ಎಂದು ಉತ್ತರ ಬರೆದು ಪ್ರವಾಸಕ್ಕೆ ಹೋದೆ. ಮುಂದಿನ ಬೆಳೆಗೂ ಕಾರ್ಡು ಬಂತು. ನಾನು ಆಗಲೂ ಹೋಗಲಿಲ್ಲ. ಆಮೇಲೆ ಕಾರ್ಡು ಬರಲಿಲ್ಲ. ನಾನೂ ಬರೆಯಲಿಲ್ಲ. ಜಗಳವೇನೂ ಆಗಲಿಲ್ಲ. ನಾಚಿಕೆಯಿಂದ ನಾನೇ ದೂರವಾದೆ. ಹನ್ನೆರಡು ವರ್ಷದ ಹಿಂದೆ ಎದೆನೋವಿನಿಂದ ಅವನು ತೀರಿಕೊಂಡ. ತಿಥಿಗೆ ಬಂದಾಗ ಅವನ ತಾಯಿ ನನ್ನ ಕೈ ಹಿಡಿದು, "ನೀನು ಬತ್ತೀಯ ಅಂತ ಎಲ್ಡು ಬೆಳೆ ಕಾದಿದ್ದ ಕಣಪ್ಪಾ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಾರೋಬೆಲೆಯಲ್ಲಿ ಶುಭಶುಕ್ರವಾರದ ಹೊತ್ತಿಗೆ ಕಪಾಲಬೆಟ್ಟದಲ್ಲಿ ಯೇಸುಸ್ವಾಮಿಯ ಪಾಡಿನ ನಾಟಕ ನಡೆಯುತ್ತದೆ. ಊರಿನವರೇ ವೇಷ ಕಟ್ಟುತ್ತಾರೆ. ಅದರಲ್ಲಿ ಪೇತ್ರ ಎಂಬ ಶಿಷ್ಯ ಬರುತ್ತಾನೆ. ಯಾರು ಬಿಟ್ಟರೂ ನಾನು ಬಿಡುವುದಿಲ್ಲ ಎಂದು ಗುರುವಿಗೆ ಮಾತು ಕೊಟ್ಟವನು, ಅದೇ ರಾತ್ರಿ ಕೋಳಿ ಕೂಗುವ ಮುಂಚೆ ಮೂರು ಸಲ ಆ ಮನುಷ್ಯನನ್ನು ನಾನರಿಯೆ ಎನ್ನುತ್ತಾನೆ. ಹುಡುಗನಾಗಿದ್ದಾಗ ಅವನನ್ನು ಕಂಡರೆ ನನಗೆ ಸಿಟ್ಟು. ಗೆಳೆಯ ಹೋದ ಮೇಲೆ ಅವನಲ್ಲಿ ನನ್ನನ್ನೇ ಕಂಡೆ. ಶುಭಸಂದೇಶದಲ್ಲಿ ಪೇತ್ರನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪುನರುತ್ಥಾನದ ಬಳಿಕ ಯೇಸು ಕೆರೆಯ ದಡದಲ್ಲಿ ಬೆಂಕಿ ಹಾಕಿ, ರೊಟ್ಟಿ ಮೀನು ಕೊಟ್ಟು, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುತ್ತಾರೆ. ಏಕೆ ಮಾತು ತಪ್ಪಿದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಪ್ರತಿ ಸಲವೂ ಒಂದು ಕೆಲಸ ಒಪ್ಪಿಸುತ್ತಾರೆ, ನನ್ನ ಕುರಿಗಳನ್ನು ನೋಡಿಕೋ ಎಂದು.

ಇನ್ನೊಂದು ಕಥೆ ದಾವೀದ ಮತ್ತು ಯೋನಾತಾನರದು. ನಿನ್ನ ಮನೆತನದವರನ್ನು ಕೈಬಿಡುವುದಿಲ್ಲ ಎಂದು ದಾವೀದ ಗೆಳೆಯನಿಗೆ ಮಾತು ಕೊಟ್ಟಿದ್ದ. ಯೋನಾತಾನ ಯುದ್ಧದಲ್ಲಿ ಮಡಿದ, ದಾವೀದ ರಾಜನಾದ. ಕೇಳುವವರು ಯಾರೂ ಇರಲಿಲ್ಲ. ಆದರೂ ಆ ಮನೆಯವರು ಯಾರಾದರೂ ಉಳಿದಿದ್ದಾರೆಯೇ ಎಂದು ತಾನೇ ವಿಚಾರಿಸಿ, ಎರಡೂ ಕಾಲು ಊನವಾಗಿದ್ದ ಗೆಳೆಯನ ಮಗ ಮೆಫೀಬೋಶೆತನನ್ನು ಕರೆಸಿ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ. ಗೆಳೆಯ ಸತ್ತರೂ ಅವನಿಗೆ ಕೊಟ್ಟ ಮಾತು ಸಾಯಲಿಲ್ಲ.

ನನ್ನ ಗೆಳೆಯನ ಮಗಳು ಆಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಗಣಿತದಲ್ಲಿ ಹಿಂದೆ. ತಿಂಗಳಿಗೆ ಎರಡು ಭಾನುವಾರ ಪೂಜೆ ಮುಗಿಸಿ ಬಸ್ಸು ಹತ್ತಿ ಬಂದು ಅವಳಿಗೆ ಲೆಕ್ಕ ಹೇಳಿಕೊಟ್ಟೆ. ಮೂರು ವರ್ಷ ಬಂದೆ. ಒಮ್ಮೆ ನಾನು ಬಂದ ದಿನವೇ ಹುಳು ಹಣ್ಣಾಗಿತ್ತು. ಪುಸ್ತಕ ಮುಚ್ಚಿ, ತಲೆ ನರೆತ ಮೇಲೆ ಮೊದಲ ಸಲ ಆ ಮನೆಯ ಚಂದ್ರಿಕೆಗೆ ಹುಳು ಬಿಟ್ಟೆ. ಅವಳು ಈಗ ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. ಇದರಿಂದ ನನ್ನ ಸಾಲ ತೀರಿತು ಎನ್ನುವುದಿಲ್ಲ. ಕಾದವನು ಕಾದೇ ಹೋದ. ಆದರೆ ತಪ್ಪಿದ ಮಾತಿನ ಮುಂದೆ ಸುಮ್ಮನೆ ನಾಚಿಕೊಂಡು ಕೂರುವುದು ಎರಡನೆಯ ತಪ್ಪು ಎಂದು ಕಲಿತೆ.

ನಾವೆಲ್ಲ ಓದಿದ ಪುಣ್ಯಕೋಟಿಯ ಕಥೆಯನ್ನು ನೆನಪಿಸಿಕೊಳ್ಳಿ. ಹುಲಿಗೆ ಕೊಟ್ಟ ಮಾತಿಗೆ ಅವಳು ಹಿಂದಿರುಗಿದ್ದನ್ನು ಎಲ್ಲರೂ ಹೊಗಳುತ್ತೇವೆ. ಹೋಗುವ ಮುನ್ನ ಕರುವನ್ನು ಜೊತೆಗಾತಿ ಹಸುಗಳಿಗೆ ಒಪ್ಪಿಸಿದ್ದಳಲ್ಲ! ಅವರು ನೋಡಿಕೊಳ್ಳುತ್ತಾರೆ ಎಂಬ ಧೈರ್ಯವಿತ್ತು. ಒಬ್ಬರು ಮಾತು ಉಳಿಸಿಕೊಳ್ಳಲು ಇಡೀ ದೊಡ್ಡಿ ಬೇಕು.

ನಮ್ಮ ಸೀಮೆಯೂ ಹೀಗೆಯೇ ನಡೆದು ಬಂದಿದೆ. ಕನಕಪುರ, ಮಾಗಡಿ, ಚನ್ನಪಟ್ಟಣದ ರೈತರು ಬೆಳೆದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ನೂಲು ಬಿಚ್ಚುವವರಲ್ಲಿ ಮುಸ್ಲಿಂ ಬಾಂಧವರು ಬಹಳ. ಬೆಳೆದವರು, ಕೊಂಡವರು, ನೇಯ್ದವರು ಬೇರೆ ಬೇರೆ. ಸೀರೆ ಒಂದೇ.

ಕೊನೆಯದಾಗಿ ಒಂದು ಒಪ್ಪಿಗೆ. ಈ ಶಾಲೆಯ ಬೆಳ್ಳಿಹಬ್ಬದಲ್ಲಿ ಗ್ರಂಥಾಲಯಕ್ಕೆ ದೇಣಿಗೆ ಹೇಳಿದವರ ಹೆಸರನ್ನು ಮೈಕಿನಲ್ಲಿ ಓದಿದ್ದರು. ಅದರಲ್ಲಿ ನನ್ನದೂ ಇತ್ತು, ಎರಡು ಸಾವಿರ ರೂಪಾಯಿ. ಚಪ್ಪಾಳೆ ತೆಗೆದುಕೊಂಡೆ, ದುಡ್ಡು ಕೊಡಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬುದು ಯೇಸುಸ್ವಾಮಿಯ ಬೋಧನೆ. ಆದರೆ ಮೈಕಿನಲ್ಲಿ ಮಾಡಿದ ಸಾಲವನ್ನು ಮೈಕಿನಲ್ಲೇ ಒಪ್ಪಿಕೊಳ್ಳಬೇಕು. ಇಂದು ಬೆಳಿಗ್ಗೆ ಇಪ್ಪತ್ತೈದು ವರ್ಷದ ಬಡ್ಡಿ ಸೇರಿಸಿ ಮುಖ್ಯೋಪಾಧ್ಯಾಯರಿಗೆ ಕೊಟ್ಟು ರಸೀದಿ ಪಡೆದಿದ್ದೇನೆ.

ಗೆಳೆಯರೇ, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಮತ್ತೆ ದೇಣಿಗೆಯ ಪಟ್ಟಿ ಓದುತ್ತಾರೆ. ಕೊಡಲಾಗುವಷ್ಟನ್ನೇ ಹೇಳಿ, ಹೇಳಿದ್ದನ್ನು ಕೊಡಿ. ದುಡ್ಡಿಲ್ಲದವರು ಒಂದು ಮಗುವಿಗೆ ಲೆಕ್ಕ ಹೇಳಿಕೊಡಿ. ಹಳೆಯ ಮಾತೊಂದು ಬಾಕಿಯಿದ್ದರೆ, ಆ ಗೆಳೆಯ ಬದುಕಿರುವಾಗಲೇ, ಇಂದು ಊಟದ ಪಂಕ್ತಿಯಲ್ಲಿ ಅವನ ಪಕ್ಕ ಹೋಗಿ ಕುಳಿತುಕೊಳ್ಳಿ.

ಈ ಊರು ನಮ್ಮನ್ನು ಮುಯ್ಯಾಳಿಗೆ ಕರೆದಿತ್ತು. ಬಂದಿದ್ದೇನೆ.