ಪೂರ್ವಿಕರ ವೈದ್ಯವಿದ್ಯೆಯ ಜಾಡು

ತಮ್ಮ ವಂಶದ ಹಿರಿಯರೊಬ್ಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪಾಶ್ಚಾತ್ಯ ವೈದ್ಯವನ್ನು ಕಲಿತಿದ್ದರೆಂಬ ಮಾತು ಮನೆಯಲ್ಲಿ ಪರಂಪರೆಯಾಗಿ ಉಳಿದುಬಂದಿದ್ದರೆ, ಅದನ್ನು ಬರಿಯ ಹೆಮ್ಮೆಯ ಮಾತಾಗಿ ಬಿಡದೆ, ಅವರು ನಡೆದ ಹಾದಿಯನ್ನು ಅರಸಿ ತಿಳಿಯುವುದು ಸಂತತಿಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಉದಾಹರಣೆಗೆ, ಕೃಷ್ಣರಾಜನಗರದವರು ಹಳೆಯ ಕಾಗದಗಳಲ್ಲಿ ಮೊದಲು ಎಡತೊರೆ ಎಂಬ ಹೆಸರನ್ನು ಹುಡುಕಬೇಕು. ಕಾವೇರಿಯ ನೆರೆಗೆ ಸಿಲುಕುತ್ತಿದ್ದ ಆ ಹಳೆಯ ಊರಿನ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಸ ಪಟ್ಟಣ ನಿರ್ಮಾಣವಾದುದರಿಂದ, ಅದಕ್ಕೆ ಹಿಂದಿನ ಕಾಗದಗಳಲ್ಲಿ ಈಗಿನ ಹೆಸರು ಸಿಕ್ಕದು. ವ್ಯಕ್ತಿಯ ಹೆಸರಿನ ಮೊದಲಲ್ಲಿ ನಿಂತ ಒಂದೇ ಅಕ್ಷರ ಎಷ್ಟೋ ವೇಳೆ ಎಡತೊರೆಯ ಗುರುತಾಗಿರಬಹುದು.

ಊರು ತಿಳಿದ ಬಳಿಕ ಅವರು ಕಲಿತ ಶಾಲೆಯನ್ನು ಅರಸಬೇಕು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವೈದ್ಯಕೀಯ ಕಾಲೇಜು ದೊರೆತದ್ದು 1924ರಲ್ಲಿ. ಅದಕ್ಕೆ ಮುನ್ನ ನಮ್ಮವರು ಸಾಮಾನ್ಯವಾಗಿ ನೋಡುತ್ತಿದ್ದುದು ಮದರಾಸಿನ ಕಡೆಗೆ; 1835ರಲ್ಲಿ ಶಾಲೆಯಾಗಿ ಆರಂಭವಾದ ಅಲ್ಲಿಯ ಸಂಸ್ಥೆ 1850ರಲ್ಲಿ ಕಾಲೇಜಾಯಿತು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಅವಕಾಶ ದೊರೆಯದ ಡಾಕ್ಟರ್ ಪಲ್ಪು ಅವರು ಮದರಾಸಿನಲ್ಲಿಯೇ ಕಲಿತು, ಮೈಸೂರಿನ ಸೇವೆಗೆ ಸೇರಿ, 1898ರಲ್ಲಿ ಪ್ಲೇಗು ಬೆಂಗಳೂರನ್ನು ಆವರಿಸಿದಾಗ, ಮಂದಿ ಮನೆಮಾರು ತೊರೆದು ಓಡುತ್ತಿದ್ದ ದಿನಗಳಲ್ಲಿ, ರೋಗಿಗಳ ನಡುವೆಯೇ ನಿಂತು ದುಡಿದರು.

ಆದುದರಿಂದ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ಬಿಚ್ಚುವವರು ಪೂರ್ವಿಕರು ಪಡೆದ ಪದವಿಯನ್ನಷ್ಟೇ ಅಲ್ಲದೆ, ಅವರು ಯಾವ ಊರಿನಲ್ಲಿ, ಯಾವ ರೋಗದ ಕಾಲದಲ್ಲಿ, ಯಾರ ಬಾಗಿಲಿಗೆ ಹೋದರೆಂಬುದನ್ನೂ ವಿಚಾರಿಸಬೇಕು. ವಿದ್ಯೆಗೆ ಗೌರವ ಬರುವುದು ಅದು ಪರರ ನೋವಿಗೆ ಒದಗಿದಾಗಲೇ.