ನೌರು: ಎತ್ತರದ ನೆಲವನ್ನು ಹಡಗಿಗೇರಿಸಿದ ನಾಡು

(ಒಕ್ಕೂಟದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಿಮ್ಮೆದುರು ಒಂದು ಪುಟ್ಟ ದೇಶದ ಭೂಗೋಳ, ಆರ್ಥಿಕತೆ ಮತ್ತು ಆಡಳಿತಗಳ ವೃತ್ತಾಂತವನ್ನು ಇಡಬಯಸುತ್ತೇನೆ. ಶಾಂತಸಾಗರದ ನೌರು ಎಂಬ ಈ ಗಣರಾಜ್ಯದ ವಿಸ್ತೀರ್ಣ 21 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 5,200 ಎಕರೆಗೆ ತುಸು ಕಡಿಮೆ. ಜನಸಂಖ್ಯೆ ಸುಮಾರು 12,000. ನಮ್ಮ ಒಂದು ಹೋಬಳಿಗಿಂತಲೂ ಕಿರಿದಾದ ಈ ದೇಶಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತಕ್ಕಿರುವಂತೆಯೇ ಒಂದು ಮತವಿದೆ. ದೊಡ್ಡ ದೇಶವೊಂದು ತನ್ನ ನೆಲವನ್ನು ಕಳೆದುಕೊಂಡರೆ ಆ ನಷ್ಟ ಎಲ್ಲೋ ಒಂದು ಮೂಲೆಯಲ್ಲಿ ಅಡಗಿರುತ್ತದೆ. ನೌರುವಿನಲ್ಲಿ ಅಡಗಿಸಲು ಮೂಲೆಯೇ ಇಲ್ಲ. ಆದ್ದರಿಂದಲೇ ಅದು ನಮಗೆ ಪಾಠವಾಗಬಲ್ಲದು.

ಮೊದಲು ಭೂಗೋಳ. ಸಮಭಾಜಕ ವೃತ್ತಕ್ಕೆ ತೀರ ಸಮೀಪದಲ್ಲಿ, ಅದರ ದಕ್ಷಿಣಕ್ಕೆ, ಒಂಟಿಯಾಗಿ ನಿಂತಿರುವ ಹವಳದ ದ್ವೀಪವಿದು. ಅತಿ ಹತ್ತಿರದ ನೆರೆಯೆಂದರೆ ಸುಮಾರು 300 ಕಿಲೋಮೀಟರ್ ಪೂರ್ವದಲ್ಲಿರುವ ಬನಾಬ ದ್ವೀಪ. ನೌರುವಿನ ಸುತ್ತಲೂ ಕೆಲವು ನೂರು ಮೀಟರ್ ಅಗಲದ ಫಲವತ್ತಾದ ಕರಾವಳಿ ಪಟ್ಟಿಯಿದೆ. ಅದರ ಒಳಗೆ ಎದ್ದು ನಿಂತಿರುವುದು ನಡುವಣ ಪ್ರಸ್ಥಭೂಮಿ. ದ್ವೀಪದ ಅತ್ಯುನ್ನತ ಸ್ಥಳವೂ ಎಪ್ಪತ್ತು ಮೀಟರಿನಷ್ಟೇ. ಹೊಳೆಯಿಲ್ಲ, ಹಳ್ಳವಿಲ್ಲ, ಬುವಾಡ ಎಂಬ ಒಂದು ಸಣ್ಣ ಕೆರೆಯಿದೆ. ಮಳೆ ಒಂದು ವರ್ಷ ಧಾರಾಳ, ಇನ್ನೊಂದು ವರ್ಷ ಬರ. ಕುಡಿಯುವ ನೀರಿಗೆ ಮಾಡಿನ ಮೇಲೆ ಬಿದ್ದ ಮಳೆ, ಇಲ್ಲವೇ ಉಪ್ಪು ತೆಗೆದ ಕಡಲ ನೀರು.

ಇಂಥ ಕಡೆಯಲ್ಲಿಯೂ ಜನ ಶತಮಾನಗಳ ಕಾಲ ಬಾಳಿದರು. ತೆಂಗು, ಕೇದಗೆಯ ಕುಲಕ್ಕೆ ಸೇರಿದ ಪಾಂಡಾನಸ್ ಮರದ ಹಣ್ಣು, ಕಡಲ ಮೀನು ಅವರ ಆಹಾರ. ಹವಳದ ದಿಬ್ಬದ ಮೇಲೆ ಸಿಗುವ ಸಣ್ಣ ಮೀನುಮರಿಗಳನ್ನು ಹಿಡಿದು ತಂದು ಬುವಾಡದ ಕೆರೆಯಲ್ಲಿ ಸಾಕುತ್ತಿದ್ದರು. ಹನ್ನೆರಡು ಕುಲಗಳಿದ್ದವು, ಇಂದಿನ ರಾಷ್ಟ್ರಧ್ವಜದ ಹನ್ನೆರಡು ಮೊನೆಯ ನಕ್ಷತ್ರ ಆ ಕುಲಗಳ ಗುರುತು. ಕುಲ ತಾಯಿಯ ಕಡೆಯಿಂದ ಬರುತ್ತಿತ್ತು. ಅಳಿಯಕಟ್ಟನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದು ಹೊಸತೆನಿಸಲಾರದು.

ಜರ್ಮನಿ 1888ರಲ್ಲಿ ಈ ದ್ವೀಪವನ್ನು ತನ್ನದಾಗಿಸಿಕೊಂಡಿತು. ಅದಾಗಿ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಕಲ್ಲು ದ್ವೀಪದ ಹಣೆಬರಹವನ್ನು ಬದಲಿಸಿತು. ನೌರುವಿನಿಂದ ಯಾರೋ ತಂದ ಕಲ್ಲೊಂದು ಸಿಡ್ನಿಯ ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿ ಅದನ್ನು ಪರೀಕ್ಷಿಸಿದಾಗ ಅದು ಉತ್ಕೃಷ್ಟ ದರ್ಜೆಯ ಫಾಸ್ಫೇಟ್, ಎಂದರೆ ನಮ್ಮ ಕೃಷಿ ಇಲಾಖೆಯವರು ಶಿಲಾರಂಜಕ ಎಂದು ಕರೆಯುವ ವಸ್ತು, ಎಂದು ತಿಳಿಯಿತು. 1900ರ ದಶಕದಲ್ಲಿಯೇ ಗಣಿಗಾರಿಕೆ ಆರಂಭವಾಯಿತು.

ಈ ಗಣಿಗಾರಿಕೆಯ ಸ್ವರೂಪವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಪ್ರಸ್ಥಭೂಮಿಯ ಮೇಲೆ ಹವಳದ ಸುಣ್ಣಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ಸಂದಿನಲ್ಲಿ ಫಾಸ್ಫೇಟ್ ತುಂಬಿತ್ತು. ಮೇಲೆ ತೆಳುವಾದ ಮಣ್ಣು, ಮಣ್ಣಿನ ಮೇಲೆ ಕಾಡು. ಮೊದಲು ಕಾಡನ್ನು ಕಡಿದರು, ಬಳಿಕ ಮಣ್ಣನ್ನು ಹೆರೆದರು, ಅನಂತರ ಸಂದುಗಳಿಂದ ಫಾಸ್ಫೇಟನ್ನು ಬಗೆದು ತೆಗೆದರು. ಉಳಿದದ್ದು ಹತ್ತು ಹದಿನೈದು ಮೀಟರ್ ಎತ್ತರದ ಬೋಳು ಕಂಬಗಳ ಸಾಲು. ಅದರ ಮೇಲೆ ನಡೆಯಲಾಗದು, ಉಳಲಾಗದು, ಮನೆ ಕಟ್ಟಲಾಗದು. ಇಂದು ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ಈ ಸ್ಥಿತಿಯಲ್ಲಿದೆ.

1914ರಲ್ಲಿ ಆಸ್ಟ್ರೇಲಿಯದ ಸೇನೆ ದ್ವೀಪವನ್ನು ಹಿಡಿಯಿತು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು, ಬ್ರಿಟಿಷ್ ಫಾಸ್ಫೇಟ್ ಕಮಿಷನರ್‌ಗಳೆಂಬ ಮಂಡಲಿಯನ್ನು ರಚಿಸಿ, ಗಣಿಯನ್ನು ಅದರ ಕೈಗಿತ್ತವು. ಅಂತರರಾಷ್ಟ್ರೀಯ ವೇದಿಕೆಯಲ್ಲಿ ನೌರು ಈ ದೇಶಗಳ ರಕ್ಷಣೆಗೆ ಒಪ್ಪಿಸಲಾದ ನಾಡು. ವ್ಯವಹಾರದಲ್ಲಿ ಅವರ ಗೊಬ್ಬರದ ಕಣಜ. ಪೇಟೆಯ ಧಾರಣೆಗಿಂತ ಅಗ್ಗದ ಬೆಲೆಗೆ ಫಾಸ್ಫೇಟ್ ಆ ದೇಶಗಳ ರೈತರನ್ನು ಸೇರಿತು. ಅಲ್ಲಿನ ಬಡಮಣ್ಣಿನ ಹೊಲಗಳು, ಹುಲ್ಲುಗಾವಲುಗಳು ಹಸಿರಾದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದ್ವೀಪವನ್ನು ಆಕ್ರಮಿಸಿದ ಜಪಾನಿನವರು ಸುಮಾರು 1,200 ಮಂದಿ ನೌರು ಜನರನ್ನು ಟ್ರಕ್ ದ್ವೀಪಗಳಿಗೆ ದುಡಿಮೆಗೆಂದು ಸಾಗಿಸಿದರು. 1946ರ ಜನವರಿ 31ರಂದು ಮರಳಿ ಬಂದವರು 737 ಮಂದಿ. ಮುಂದೆ ಸ್ವಾತಂತ್ರ್ಯಕ್ಕೂ ಅದೇ ತಾರೀಖನ್ನು ಆ ಜನ ಆರಿಸಿಕೊಂಡರು. 1960ರ ದಶಕದ ಆರಂಭದಲ್ಲಿ, ಗಣಿ ಮುಗಿದ ಮೇಲೆ ದ್ವೀಪ ವಾಸಕ್ಕೆ ಯೋಗ್ಯವಾಗಿರದು ಎಂದು ಆಸ್ಟ್ರೇಲಿಯವೇ ಚಿಂತಿಸಿ, ಕ್ವೀನ್ಸ್‌ಲೆಂಡ್ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಇಡೀ ಜನಾಂಗವನ್ನು ಸ್ಥಳಾಂತರಿಸುವ ಸಲಹೆಯಿತ್ತಿತು. ಅಲ್ಲಿ ಹೋದರೆ ತಾವು ಆಸ್ಟ್ರೇಲಿಯದ ಪ್ರಜೆಗಳಾಗುವೆವೇ ಹೊರತು ಒಂದು ಜನಾಂಗವಾಗಿ ಉಳಿಯಲಾರೆವು ಎಂದರಿತ ನೌರು ಜನ 1964ರಲ್ಲಿ ಅದನ್ನು ತಿರಸ್ಕರಿಸಿದರು. ‘ಪುನರ್ವಸತಿ’ ಎಂಬ ಪದದ ರುಚಿಯನ್ನು ಕಂಡಿರುವ ಈ ಸಭೆಗೆ ಆ ನಿರ್ಧಾರದ ತೂಕವನ್ನು ವಿವರಿಸಬೇಕಾಗಿಲ್ಲ.

1968ರ ಜನವರಿ 31ರಂದು ನೌರು ಸ್ವತಂತ್ರವಾಯಿತು. ಹ್ಯಾಮರ್ ಡಿರಾಬರ್ಟ್ ಮೊದಲ ಅಧ್ಯಕ್ಷರಾದರು. ಗಣಿಯ ಆಸ್ತಿಯನ್ನು 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಕೊಂಡು, 1970ರಲ್ಲಿ ತಮ್ಮದೇ ನಿಗಮದ ವಶಕ್ಕೆ ತಂದುಕೊಂಡರು. ಆಡಳಿತದ ವ್ಯವಸ್ಥೆ ಗಮನಿಸತಕ್ಕದ್ದು. ದೇಶಕ್ಕೆ ಅಧಿಕೃತ ರಾಜಧಾನಿಯಿಲ್ಲ. ಸಂಸತ್ತು, ಕಚೇರಿಗಳು ಯಾರೆನ್ ಜಿಲ್ಲೆಯಲ್ಲಿವೆ. ಜಿಲ್ಲೆಗಳು 14, ಮತಕ್ಷೇತ್ರಗಳು 8, ಈಗ ಸಂಸತ್ತಿನ ಸದಸ್ಯರು 19, ಅವಧಿ ಮೂರು ವರ್ಷ. ಇಪ್ಪತ್ತು ತುಂಬಿದವರೆಲ್ಲ ಮತ ಹಾಕಲೇಬೇಕು. ಮತದಾರನು ಅಭ್ಯರ್ಥಿಗಳನ್ನು ತನ್ನ ಮೆಚ್ಚುಗೆಯ ಕ್ರಮದಲ್ಲಿ ಗುರುತಿಸುತ್ತಾನೆ. ಮೊದಲ ಮೆಚ್ಚುಗೆಗೆ ಒಂದು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೆಯ ಒಂದಂಶ ಎಂಬಂತೆ ಎಣಿಕೆ. 1971ರಿಂದ ನಡೆದುಬಂದಿರುವ ಈ ಪದ್ಧತಿಗೆ ಅದನ್ನು ರೂಪಿಸಿದ ಅಧಿಕಾರಿಯ ಹೆಸರಿನಿಂದ ಡೌಡಾಲ್ ಪದ್ಧತಿ ಎನ್ನುತ್ತಾರೆ. ಸಂಸತ್ತು ತನ್ನೊಳಗಿನಿಂದಲೇ ಅಧ್ಯಕ್ಷರನ್ನು ಆರಿಸುತ್ತದೆ. ಅವರೇ ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರೂ ಹೌದು. ಪಕ್ಷಗಳು ಹೆಸರಿಗಷ್ಟೆ, ಹೆಚ್ಚಿನ ಸದಸ್ಯರು ಸ್ವತಂತ್ರರು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಗ್ರಾಮಸ್ವರಾಜ್ಯವಿಲ್ಲ. ಆದರೆ ಆಡಳಿತ ಮತ್ತು ವಿರೋಧಗಳ ನಡುವೆ ಒಂದೆರಡು ಸದಸ್ಯರ ಅಂತರವಿರುವಲ್ಲಿ ಅವಿಶ್ವಾಸ ನಿರ್ಣಯಗಳು ಪದೇಪದೇ ಬಂದವು. ವಿಶೇಷವಾಗಿ 1990ರ ದಶಕದಲ್ಲಿ ಸರ್ಕಾರಗಳು ಉರುಳುತ್ತಲೇ ಇದ್ದವು.

ಅಷ್ಟರಲ್ಲಿ ಹಣ ಬಂದಿತ್ತು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ನೌರು ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಆದಾಯ ತೆರಿಗೆಯಿಲ್ಲ, ಶಿಕ್ಷಣ, ವೈದ್ಯಕೀಯ ಉಚಿತ. ಅಗೆಯುವ ಕೆಲಸಕ್ಕೆ ಚೀನೀಯರೂ ನೆರೆದ್ವೀಪಗಳವರೂ ಇದ್ದರು. ಫಾಸ್ಫೇಟ್ ಮುಗಿಯುವುದೆಂಬುದನ್ನು ಅಲ್ಲಿನ ನಾಯಕರು ಅರಿಯದಿದ್ದವರಲ್ಲ. ಅದಕ್ಕೆಂದೇ ಒಂದು ನಿಧಿಯನ್ನು ಸ್ಥಾಪಿಸಿ, ಗಣಿಯ ಹುಟ್ಟುವಳಿಯ ಪಾಲನ್ನು ಅದರಲ್ಲಿಟ್ಟರು; ಒಂದು ಕಾಲಕ್ಕೆ ಅದು ನೂರು ಕೋಟಿ ಆಸ್ಟ್ರೇಲಿಯನ್ ಡಾಲರನ್ನು ಮೀರಿತ್ತು. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್ 1977ರಲ್ಲಿ ಎದ್ದಿತು. ಸ್ವಂತ ವಿಮಾನ ಸಂಸ್ಥೆ ಬಂದಿತು. ನಮ್ಮ ದೇಶಕ್ಕೂ ಆ ಹಣ ತಲುಪಿತ್ತು: ಒರಿಸ್ಸಾದ ಪಾರಾದೀಪ್ ಫಾಸ್ಫೇಟ್ಸ್ ಎಂಬ ಗೊಬ್ಬರದ ಕಾರ್ಖಾನೆ 1981ರಲ್ಲಿ ಭಾರತ ಸರ್ಕಾರ ಮತ್ತು ನೌರು ಗಣರಾಜ್ಯಗಳ ಜಂಟಿ ಉದ್ಯಮವಾಗಿಯೇ ಹುಟ್ಟಿತು; 1993ರಲ್ಲಿ ನೌರು ಅದರಿಂದ ಹೊರಬಂದಿತು.

ಆ ನಿಧಿ ಕರಗಿಹೋಯಿತು. ಲಾಭ ತಾರದ ಹೂಡಿಕೆಗಳು, ನಷ್ಟದಲ್ಲಿ ಹಾರಿದ ವಿಮಾನಗಳು, ಲಂಡನ್ನಿನಲ್ಲಿ 1993ರಲ್ಲಿ ನೆಲಕಚ್ಚಿದ ಒಂದು ಸಂಗೀತ ನಾಟಕಕ್ಕೆ ಹಾಕಿದ ಬಂಡವಾಳ, ಸಾಲದ ಮೇಲೆ ಸಾಲ. ಮುಖ್ಯ ನಿಕ್ಷೇಪ ಶತಮಾನದ ಅಂತ್ಯಕ್ಕೆ ಬಹುಮಟ್ಟಿಗೆ ಬರಿದಾಗಿತ್ತು. 2004ರಲ್ಲಿ ನೌರು ಹೌಸ್ ಮಾರಾಟವಾಯಿತು; 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ವಿಮಾನವನ್ನೂ ಸಾಲಗಾರರು ಒಯ್ದರು. ಇದನ್ನು ಕೇಳಿ ನಗುವವರುಂಟು. ನಗುವ ಮುನ್ನ ಯೋಚಿಸಬೇಕು: ಹೊಲ, ಕಾಡುಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ತಲೆಮಾರುಗಳಿಂದ ಕಲಿತ ಜನಕ್ಕೆ, ಪರದೇಶದ ಕಟ್ಟಡ, ಷೇರುಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ಒಂದೇ ತಲೆಮಾರಿನಲ್ಲಿ ಕಲಿಯಿರೆಂದಂತಾಯಿತು. ನೆಲ ತಪ್ಪನ್ನು ಕ್ಷಮಿಸುತ್ತದೆ, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ನಿಧಿಗೆ ಆ ಗುಣವಿಲ್ಲ.

ಹಾಳಾದ ನೆಲಕ್ಕೆ ಹೊಣೆ ಯಾರೆಂಬ ಪ್ರಶ್ನೆಯನ್ನು ನೌರು ನ್ಯಾಯಾಲಯಕ್ಕೂ ಒಯ್ದಿತು. ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟೋಫರ್ ವೀರಮಂತ್ರಿಯವರ ಅಧ್ಯಕ್ಷತೆಯ ಆಯೋಗವೊಂದು ಈ ವಿಷಯವನ್ನು ವಿಚಾರಿಸಿ 1988ರಲ್ಲಿ ವರದಿ ನೀಡಿತು. 1989ರಲ್ಲಿ ಆಸ್ಟ್ರೇಲಿಯದ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಪ್ರಕರಣವನ್ನು ವಿಚಾರಿಸುವ ಅಧಿಕಾರ ತನಗಿದೆಯೆಂದು 1992ರಲ್ಲಿ ನ್ಯಾಯಾಲಯ ಹೇಳಿತು. ಅಂತಿಮ ತೀರ್ಪಿಗೆ ಮುನ್ನ, 1993ರಲ್ಲಿ, ರಾಜಿಯಾಯಿತು. ಆಸ್ಟ್ರೇಲಿಯ 10 ಕೋಟಿ 70 ಲಕ್ಷ ಡಾಲರ್ ಕೊಡಲೊಪ್ಪಿತು, ಅದರಲ್ಲಿ 5 ಕೋಟಿಯನ್ನು 20 ವರ್ಷಗಳ ಕಂತಿನಲ್ಲಿ. ಸಣ್ಣ ದೇಶವೊಂದು ತನ್ನನ್ನಾಳಿದವರನ್ನು ಕಟಕಟೆಗೆ ಕರೆತಂದದ್ದು ಸಣ್ಣ ಸಾಧನೆಯಲ್ಲ. ಆದರೆ ಆಮೇಲೆ ಮೂರು ದಶಕಗಳು ಕಳೆದರೂ ಪ್ರಸ್ಥಭೂಮಿಯ ಬಹುಭಾಗ ಹಾಗೆಯೇ ಬಿದ್ದಿದೆ. ಹೆರೆದು ಹಾಕಿದ ಮೇಲ್ಮಣ್ಣು ಹಣ ಕೊಟ್ಟರೂ ಮರಳಿ ಬರುವುದಿಲ್ಲ.

ನೆಲ ಮುಗಿದು, ನಿಧಿಯೂ ಮುಗಿದ ಮೇಲೆ ಒಂದು ಸರ್ಕಾರದ ಬಳಿ ಮಾರಲು ಏನು ಉಳಿಯುತ್ತದೆ? ಸ್ವತಂತ್ರ ದೇಶವೆಂಬ ಹೆಸರು ಮಾತ್ರ. 1990ರ ದಶಕದಲ್ಲಿ ಪರದೇಶದ ಹಣವಂತರಿಗೆ ಹೆಸರಿಗಷ್ಟೇ ಇರುವ ಬ್ಯಾಂಕುಗಳ ಪರವಾನಗಿಯನ್ನು ನೀಡಲಾಯಿತು. ಅಕ್ರಮ ಹಣದ ಆರೋಪದಿಂದ ದೇಶ ಕಪ್ಪುಪಟ್ಟಿ ಸೇರಿತು. 2001ರಲ್ಲಿ, ಆಶ್ರಯ ಬೇಡಿ ದೋಣಿಗಳಲ್ಲಿ ಬಂದವರನ್ನು ತನ್ನ ನೆಲದಲ್ಲಿಡಲು ಒಪ್ಪದ ಆಸ್ಟ್ರೇಲಿಯ ಅವರನ್ನು ನೌರುವಿಗೆ ಕಳುಹಿಸಿ ಅದಕ್ಕೆ ಹಣ ಕೊಟ್ಟಿತು. ಆ ಬಂಧನ ಕೇಂದ್ರ 2008ರಲ್ಲಿ ಮುಚ್ಚಿ, 2012ರಲ್ಲಿ ಮತ್ತೆ ತೆರೆಯಿತು. 2025ರಲ್ಲಿ, ಆಸ್ಟ್ರೇಲಿಯ ಹೊರಹಾಕಬಯಸುವ ಪರದೇಶೀಯರನ್ನು ಇರಿಸಿಕೊಳ್ಳಲು 40 ಕೋಟಿ ಡಾಲರಿಗೂ ಮಿಗಿಲಾದ ಮೊತ್ತದ ಮತ್ತೊಂದು ಒಪ್ಪಂದವಾಯಿತು. 2021ರಲ್ಲಿ, ತಾನು ಪ್ರಾಯೋಜಿಸಿದ ಕಂಪನಿಯೊಂದರ ಪರವಾಗಿ, ಆಳಸಮುದ್ರದ ಗಣಿಗಾರಿಕೆಗೆ ಬೇಗ ನಿಯಮ ರೂಪಿಸಬೇಕೆಂದು ಅಂತರರಾಷ್ಟ್ರೀಯ ಪ್ರಾಧಿಕಾರದ ಮೇಲೆ ನೌರು ಒತ್ತಡ ತಂದಿತು. ಗಣಿಯಿಂದ ನೊಂದ ನಾಡೇ ಸಮುದ್ರದ ತಳದಲ್ಲಿ ಗಣಿಗೆ ದಾರಿ ಮಾಡಿಕೊಡಬೇಕಾಗಿ ಬಂದದ್ದನ್ನು ದುರಾಸೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಬೇರೆ ದಾರಿಗಳನ್ನು ಮೊದಲೇ ಅಗೆದು ಮುಗಿಸಿಬಿಟ್ಟಿದ್ದರು.

ಒಂದು ಹಸನಾದ ಅಧ್ಯಾಯವೂ ಇದೆ. 1982ರಲ್ಲಿ ನೌರು ಮತ್ತು ನೆರೆಯ ದ್ವೀಪರಾಷ್ಟ್ರಗಳು ತಮ್ಮ ಕಡಲಿನ ಮೀನುಗಾರಿಕೆಯನ್ನು ಒಗ್ಗಟ್ಟಾಗಿ ನಿರ್ವಹಿಸಲು ಒಪ್ಪಂದ ಮಾಡಿಕೊಂಡವು; ಅದು ನೌರುವಿನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. 2007ರಿಂದ ಎಂಟು ದೇಶಗಳು ವರ್ಷಕ್ಕೆ ಇಷ್ಟೇ ದಿನಗಳೆಂದು ಮಿತಿ ಹಾಕಿಕೊಂಡು, ಟ್ಯೂನ ಮೀನಿನ ಪರದೇಶೀ ಹಡಗುಗಳಿಗೆ ಆ ದಿನಗಳನ್ನು ಮಾರುತ್ತವೆ. ಒಂಟಿಯಾಗಿದ್ದಾಗ ಹಡಗಿನವರು ಹೇಳಿದ್ದೇ ಬೆಲೆ. ಕೂಡಿದಾಗ ಬೆಲೆ ಏರಿತು, ಮೀನಿನ ಸಂತತಿಯೂ ಉಳಿಯಿತು. ಇಂದು ನೌರುವಿನ ಮುಖ್ಯ ಆದಾಯಗಳಲ್ಲಿ ಇದೂ ಒಂದು. 2015ರಲ್ಲಿ ಸ್ಥಾಪಿಸಿದ ಹೊಸ ನಿಧಿಯ ಆಡಳಿತದಲ್ಲಿ ಹಣ ಕೊಟ್ಟ ದೇಶಗಳೂ ಪಾಲ್ಗೊಳ್ಳುತ್ತವೆ. ಹಳೆಯ ಪಾಠ ವ್ಯರ್ಥವಾಗಿಲ್ಲ.

ಆದರೂ ದೊಡ್ಡ ಲೆಕ್ಕ ಈಗ ಎದುರಾಗಿದೆ. ಬಹುಪಾಲು ಜನ ವಾಸಿಸುವುದು ಕರಾವಳಿಯ ಕಿರುಪಟ್ಟಿಯಲ್ಲಿ. ಸಮುದ್ರ ಏರುತ್ತಿದೆ, ದಡ ಕೊರೆಯುತ್ತಿದೆ. ಹಿಂದೆ ಸರಿದು ನಿಲ್ಲಲು ಇರುವ ಎತ್ತರವೆಂದರೆ ಆ ಪ್ರಸ್ಥಭೂಮಿಯೊಂದೇ. ಅದು ಕಲ್ಲಿನ ಕಂಬಗಳ ಬೀಡು. ಅದನ್ನು ಸಮತಟ್ಟುಗೊಳಿಸಿ ಮನೆಗಳನ್ನು ಮೇಲೆ ಸಾಗಿಸುವ ಯೋಜನೆಯನ್ನು ಸರ್ಕಾರ ಹಾಕಿಕೊಂಡಿದೆ. ಅದಕ್ಕೆ ಹಣ ಕೂಡಿಸಲು 2025ರಲ್ಲಿ ಪೌರತ್ವವನ್ನೇ ಮಾರಾಟಕ್ಕಿಟ್ಟಿದೆ. ಆ ವರ್ಷ ಬೆಲೆ ಒಬ್ಬರಿಗೆ ಕನಿಷ್ಠ 1,05,000 ಅಮೆರಿಕನ್ ಡಾಲರ್ ಇತ್ತು. ಅಜ್ಜಂದಿರ ಕಾಲದಲ್ಲಿ ಅಗ್ಗಕ್ಕೆ ಹೋದ ನೆಲವನ್ನು ಮೊಮ್ಮಕ್ಕಳು ಪ್ರಜೆಯೆಂಬ ಹೆಸರನ್ನು ಮಾರಿ ಮರಳಿ ಪಡೆಯಬೇಕಾಗಿದೆ.

ಬಂಧುಗಳೇ, ಬೆಟ್ಟವನ್ನು ಅಗೆಯಲು ಬರುವವರು ಪರಿಹಾರ, ನಿಧಿ, ಪುನಶ್ಚೇತನ ಎಂಬ ಮೂರು ಮಾತುಗಳನ್ನು ಕಟ್ಟಿಕೊಂಡೇ ಬರುತ್ತಾರೆ. ನೌರು ಈ ಮೂರನ್ನೂ ಕಂಡಿದೆ. ಆದ್ದರಿಂದ ನಾವು ಕೇಳಬೇಕಾದವೂ ಮೂರು. ತೆಗೆದ ಮೇಲ್ಮಣ್ಣನ್ನು ಎಲ್ಲಿಡುತ್ತೀರಿ? ನೆಲವನ್ನು ಸರಿಪಡಿಸುವ ವೆಚ್ಚವನ್ನು ಅಗೆಯುವ ಮೊದಲೇ ಯಾರ ಕೈಯಲ್ಲಿಡುತ್ತೀರಿ? ಆ ಹಣದ ಲೆಕ್ಕವನ್ನು ಪ್ರತಿವರ್ಷ ಗ್ರಾಮಸಭೆಯ ಮುಂದೆ ಓದುವವರು ಯಾರು? ಈ ಮೂರಕ್ಕೂ ಬರಹದಲ್ಲಿ ಉತ್ತರ ದೊರೆಯುವವರೆಗೆ ಒಪ್ಪಿಗೆಯ ಕಾಗದಕ್ಕೆ ಯಾವ ಊರೂ ರುಜು ಹಾಕಬಾರದೆಂದು ಕೋರಿ, ನನ್ನ ಮಾತನ್ನು ಮುಗಿಸುತ್ತೇನೆ.